ಅಂಧತ್ವ ಮತ್ತು ಸಮಾಜಕಾರ್ಯ ವೃತ್ತಿ

ದೃಷ್ಟಿಯಿಲ್ಲದವರು ಸಮಾಜಕಾರ್ಯವನ್ನು ಓದಿ ಕಲಿತು, ಅದನ್ನೇ ಜೀವನೋಪಾಯದ ವೃತ್ತಿಯಾಗಿ ನಡೆಸಿಕೊಂಡು ಬಂದ ಬಗೆ, ಅವರ ಕೆಲಸದ ಕ್ರಮ ಮತ್ತು ಅವರ ಎದುರಿಗಿರುವ ತೊಡಕುಗಳು ಈ ಲೇಖನದ ವಿಷಯ. ಪಠ್ಯಪುಸ್ತಕಗಳಲ್ಲಿ ಅಂಧರು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ‘ಅಂಧರ ಕಲ್ಯಾಣ’ ಎಂಬ ಅಧ್ಯಾಯದಲ್ಲಿ, ನೆರವು ಪಡೆಯುವವರಾಗಿ. ಮೇಜಿನ ಈಚೆ ನಿಂತು ಅರ್ಜಿ ಕೊಡುವವರು ಅವರು, ಆಚೆ ಕೂತು ಅರ್ಜಿ ಓದುವವರು ಕಣ್ಣುಳ್ಳವರು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಒಪ್ಪಿಕೊಂಡ ಏರ್ಪಾಡು. ಆದರೆ ಅಂಧರು ಮೇಜಿನ ಆಚೆಗೆ ಹೋಗಿ ಕೂತ ಉದಾಹರಣೆಗಳು ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಸಿಗುತ್ತವೆ. ಅಂಧರ ಸೇವೆಯ ದೊಡ್ಡ ತಿರುವುಗಳಲ್ಲಿ ಹಲವನ್ನು ತಂದವರೂ ಅಂಧರೇ.

ಇಲ್ಲಿ ಸಮಾಜಸೇವೆ ಮತ್ತು ಸಮಾಜಕಾರ್ಯ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಸೇವೆಗೆ ಮನಸ್ಸಿದ್ದರೆ ಸಾಕು. ಸಮಾಜಕಾರ್ಯಕ್ಕೆ ಪದವಿ, ಕ್ಷೇತ್ರಕಾರ್ಯದ ತರಬೇತಿ, ಬರೆದಿಟ್ಟ ದಾಖಲೆ, ವೃತ್ತಿಧರ್ಮ ಮತ್ತು ಸಂಬಳ ಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ, ಇಬ್ಬರೂ ಅಂಧರು, ಅನ್ನ ಹಾಕಿ ಆಶ್ರಯ ಕೊಟ್ಟು ಸಂಗೀತ ಕಲಿಸಿ ಅಂಧ ಮಕ್ಕಳನ್ನು ತಮ್ಮ ಕಾಲ ಮೇಲೆ ನಿಲ್ಲಿಸಿದರು. ಅದು ಸೇವೆಯ ಪರಂಪರೆ. ಕನ್ನಡ ನಾಡಿನಲ್ಲಿ ‘ಅಂಧರು ಇನ್ನೊಬ್ಬರನ್ನು ಎತ್ತಬಲ್ಲರು’ ಎಂಬ ನಂಬಿಕೆಗೆ ನೆಲ ಹದಮಾಡಿದ್ದು ಅದೇ. ಅದೇ ಮಾತನ್ನು ನೇಮಕಾತಿ ಆದೇಶದ ಭಾಷೆಯಲ್ಲಿ ಹೇಳಿಸುವುದು ಮಾತ್ರ ಬೇರೆಯದೇ ಹೋರಾಟವಾಯಿತು.

ಭಾರತದ ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಪ್ರಕಾರ, ತಕ್ಕ ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಚೆನ್ನಾಗಿ ಕಾಣುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ಇವರಿಗೆ 3 ಮೀಟರ್ ಹತ್ತಿರ ಬಂದರೂ ಕಾಣದು ಎಂಬುದು 3/60ಕ್ಕಿಂತ ಕಡಿಮೆ ಎನ್ನುವುದರ ಅರ್ಥ. ಅದಕ್ಕಿಂತ ಮೇಲೆ, 6/18ರವರೆಗಿನ ಸ್ಥಿತಿ ಅಲ್ಪದೃಷ್ಟಿ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಅವರಲ್ಲಿ ಸುಮಾರು 50 ಲಕ್ಷ ಮಂದಿ ದೃಷ್ಟಿದೋಷವುಳ್ಳವರು. ವೃತ್ತಿಯ ದೃಷ್ಟಿಯಿಂದ ಈ ಅಂಕಿಗಳಿಗಿಂತ ಮುಖ್ಯವಾದದ್ದು ದೃಷ್ಟಿ ಯಾವಾಗ ಹೋಯಿತು ಎಂಬುದು. ಹುಟ್ಟಿನಿಂದ ಕಾಣದವರು ಅಂಧರ ಶಾಲೆಯಲ್ಲಿ ಬ್ರೈಲ್ ಕಲಿತು, ಕೋಲು ಹಿಡಿದು ನಡೆದು ಬೆಳೆದಿರುತ್ತಾರೆ. ಮೂವತ್ತೈದರ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲೆ ದೃಷ್ಟಿ ಕಳೆದುಕೊಂಡ ಕಾರ್ಯಕರ್ತರಿಗೆ ಬ್ರೈಲ್ ಚುಕ್ಕಿ ಬೆರಳಿಗೆ ಹತ್ತುವುದೇ ಕಷ್ಟ. ಅವರ ಆಸರೆ ಕಿವಿ. ಇಬ್ಬರಿಗೂ ಒಂದೇ ಸಲಕರಣೆ ಕೊಟ್ಟು ಕೈತೊಳೆದುಕೊಂಡರೆ ಇಬ್ಬರಿಗೂ ಉಪಯೋಗವಾಗುವುದಿಲ್ಲ.

ಮನೆ ಮನೆಗೆ ಹೋದ ಅಂಧ ಶಿಕ್ಷಕರು

ಸಮಾಜಕಾರ್ಯ ಎಂಬ ಹೆಸರು ಹುಟ್ಟುವ ಮೊದಲೇ ಅಂಧರು ಆ ಕೆಲಸ ಮಾಡುತ್ತಿದ್ದರು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 1818ರಲ್ಲಿ ಹುಟ್ಟಿದ ವಿಲಿಯಂ ಮೂನ್ 21ರ ವಯಸ್ಸಿಗೆ ಪೂರ್ತಿ ದೃಷ್ಟಿ ಕಳೆದುಕೊಂಡರು. ದೊಡ್ಡವರಾದ ಮೇಲೆ ಅಂಧರಾದವರ ಬೆರಳಿಗೂ ಒಗ್ಗುವಂಥ ಉಬ್ಬು ಲಿಪಿಯೊಂದನ್ನು ಅವರು 1845ರಲ್ಲಿ ರೂಪಿಸಿದರು. ಪುಸ್ತಕ ಅಚ್ಚಾದರೆ ಸಾಲದು, ಅದನ್ನು ಮೂಲೆಯಲ್ಲಿ ಕೂತ ಮುದುಕರ ಕೈಗೆ ಕೊಟ್ಟು ಕಲಿಸುವವರೂ ಬೇಕು. ಹಾಗಾಗಿ ಮನೆಮನೆಗೆ ಶಿಕ್ಷಕರನ್ನು ಕಳುಹಿಸುವ ಸಂಘಗಳು ಬ್ರಿಟನ್ನಿನಲ್ಲಿ ಹುಟ್ಟಿಕೊಂಡವು. 1882ರಲ್ಲಿ ಮೂನ್ ಅಮೆರಿಕೆಗೆ ಹೋದಾಗ ಫಿಲಡೆಲ್ಫಿಯಾದಲ್ಲಿ ಅಂಥದೇ ಸಂಘ ನೆಲೆಗೊಂಡಿತು. ಈ ಗೃಹಶಿಕ್ಷಕರಲ್ಲಿ ಹಲವರು ಸ್ವತಃ ಅಂಧರು. ಅಕ್ಷರ ಕಲಿಸಲು ಹೋದವರು ಮನೆಯ ಕಷ್ಟಸುಖ ಕೇಳಿ, ಪಿಂಚಣಿಯ ದಾರಿ ತೋರಿಸಿ, ನಡೆಯಲು ಧೈರ್ಯ ಕೊಟ್ಟು ಬರುತ್ತಿದ್ದರು. ಇಂದಿನ ಮನೆಭೇಟಿಯ ಬೇರು ಅಲ್ಲಿದೆ. ಬ್ರಿಟನ್ನಿನ 1920ರ ಅಂಧರ ಕಾಯಿದೆ ಅಂಧರ ಪಿಂಚಣಿಯ ವಯಸ್ಸನ್ನು 70ರಿಂದ 50ಕ್ಕೆ ಇಳಿಸಿತು, ಕಲ್ಯಾಣದ ಹೊಣೆಯನ್ನು ಸ್ಥಳೀಯ ಆಡಳಿತಗಳ ಹೆಗಲಿಗೆ ಹಾಕಿತು. ಅದರಿಂದ ಈ ಶಿಕ್ಷಕರ ಕೆಲಸಕ್ಕೆ ಒಂದು ನೆಲೆ ಸಿಕ್ಕಿತು.

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಆರಂಭಿಸಿದ ಆರ್ಥರ್ ಪಿಯರ್ಸನ್ ಗ್ಲಾಕೋಮಾದಿಂದ ದೃಷ್ಟಿ ಹೋದ ಪತ್ರಿಕೋದ್ಯಮಿ. ಅವರ ನಂತರ 1921ರಲ್ಲಿ ಅದರ ಚುಕ್ಕಾಣಿ ಹಿಡಿದ ಇಯಾನ್ ಫ್ರೇಸರ್ ಸೋಮ್ ಯುದ್ಧಭೂಮಿಯಲ್ಲಿ ಕಣ್ಣು ಕಳೆದುಕೊಂಡವರು. ಹೊಸದಾಗಿ ಅಂಧನಾದ ಇಪ್ಪತ್ತರ ತರುಣನಿಗೆ ಅಂಧನಾದ ಇನ್ನೊಬ್ಬನೇ ಟೈಪಿಂಗ್ ಕಲಿಸುವುದು, ಕ್ಷೌರ ಮಾಡಿಕೊಳ್ಳುವುದನ್ನು ತೋರಿಸುವುದು ಅಲ್ಲಿನ ಕ್ರಮವಾಯಿತು. ಈ ಸಂಸ್ಥೆಯ ಎಳೆ ಭಾರತಕ್ಕೂ ಬಂತು. ಅದನ್ನು ಮುಂದೆ ನೋಡಬಹುದು.

ಹೆಚ್ಚು ಹೇಳಬೇಕಾದದ್ದು ಅಮೆರಿಕದ ಜಾಕೋಬಸ್ ಟೆನ್‌ಬ್ರೂಕ್ ಬಗ್ಗೆ. 1911ರಲ್ಲಿ ಕೆನಡಾದಲ್ಲಿ ಹುಟ್ಟಿದ ಇವರಿಗೆ ಏಳರ ವಯಸ್ಸಿನಲ್ಲಿ ಆಟವಾಡುವಾಗ ಬಾಣ ತಗುಲಿ ಒಂದು ಕಣ್ಣಿಗೆ ಪೆಟ್ಟಾಯಿತು. ಹದಿನಾಲ್ಕರ ಹೊತ್ತಿಗೆ ಎರಡೂ ಹೋದವು. ಬರ್ಕ್ಲಿಯಲ್ಲಿ ಕಾನೂನು ಓದಿ, ಸಂವಿಧಾನ ತಜ್ಞರಾಗಿ, 1940ರಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಆ ಕಾಲದ ಅಮೆರಿಕದಲ್ಲಿ, 1935ರ ಸಾಮಾಜಿಕ ಭದ್ರತಾ ಕಾಯಿದೆಯಡಿ ಅಂಧರಿಗೆ ಸಿಗುತ್ತಿದ್ದ ನೆರವು ಬಡತನದ ತಪಾಸಣೆಗೆ ಒಳಪಟ್ಟಿತ್ತು. ಕಣ್ಣುಳ್ಳ ಸಮಾಜ ಕಾರ್ಯಕರ್ತರು ಮನೆಗೆ ಬಂದು, ಏನಿದೆ ಏನಿಲ್ಲ ಎಂದು ಲೆಕ್ಕ ಹಾಕಿ, ಎಷ್ಟು ಕೊಡಬೇಕೆಂದು ತೀರ್ಮಾನಿಸುತ್ತಿದ್ದರು. ಸಂಪಾದನೆಗೆ ಹೊರಟ ಅಂಧನ ನೆರವು ಅಷ್ಟಕ್ಕಷ್ಟೇ ಕಡಿತವಾಗುತ್ತಿತ್ತು. ಈ ಪದ್ಧತಿ ವ್ಯಕ್ತಿಯ ಘನತೆಯನ್ನೂ ದುಡಿಯುವ ಆಸೆಯನ್ನೂ ಒಟ್ಟಿಗೆ ಕೊಲ್ಲುತ್ತದೆ ಎಂದು ಟೆನ್‌ಬ್ರೂಕ್ ವಾದಿಸಿದರು. ಕೇವಲ ಹೊರಗೆ ನಿಂತು ವಾದಿಸಲಿಲ್ಲ. 1950ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸಮಾಜಕಲ್ಯಾಣ ಮಂಡಳಿಯ ಸದಸ್ಯರಾಗಿ, 1960ರಿಂದ ಅದರ ಅಧ್ಯಕ್ಷರಾಗಿ, 1963ರವರೆಗೆ ಒಳಗಿನಿಂದಲೇ ನಿಯಮಗಳನ್ನು ತಿದ್ದುತ್ತ ಹೋದರು. ಅಂಧನೊಬ್ಬ ಇಡೀ ರಾಜ್ಯದ ಬಡವರ, ಮಕ್ಕಳ, ವೃದ್ಧರ ಕಲ್ಯಾಣ ನೀತಿಯನ್ನು ನಿರ್ಧರಿಸುವ ಕುರ್ಚಿಯಲ್ಲಿ ಕೂತದ್ದು ಈ ಚರಿತ್ರೆಯ ಅತಿ ಮುಖ್ಯ ಘಟನೆ. ಅಂಧರ ಕೆಲಸ ಅಂಧರಿಗೆ ಮಾತ್ರ ಎಂಬ ಗೆರೆಯನ್ನು ಅವರು ಅಲ್ಲಿ ದಾಟಿದ್ದರು.

ಅದೇ ಕಾಲದಲ್ಲಿ ಇನ್ನೊಂದು ಜಗಳ ನಡೆಯಿತು. ಅದರ ಫಲ ಇಂದಿನ ತರಬೇತಿಯವರೆಗೂ ಹರಿದುಬಂದಿದೆ. ಥಾಮಸ್ ಕ್ಯಾರಲ್ ಎಂಬ ಕಣ್ಣುಳ್ಳ ಪಾದ್ರಿ, ಯುದ್ಧದಲ್ಲಿ ಅಂಧರಾದವರ ಜೊತೆ ವರ್ಷಗಟ್ಟಲೆ ದುಡಿದು, 1961ರಲ್ಲಿ ಅಂಧತ್ವದ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದರು. ದೃಷ್ಟಿ ಹೋದರೆ ಕಣ್ಣುಳ್ಳ ಹಳೆಯ ಮನುಷ್ಯ ಸತ್ತಂತೆ, ಇಪ್ಪತ್ತು ಬಗೆಯ ನಷ್ಟಗಳನ್ನು ಒಂದೊಂದಾಗಿ ದುಃಖಿಸಿ ದಾಟಿದ ಮೇಲೆಯೇ ಹೊಸ ಬದುಕು ಎಂಬುದು ಅವರ ವಿಚಾರ. ಹುಟ್ಟು ಅಂಧರೂ ಆಯೋವಾ ರಾಜ್ಯದ ಅಂಧರ ಆಯೋಗದ ನಿರ್ದೇಶಕರೂ ಆಗಿದ್ದ ಕೆನೆತ್ ಜರ್ನಿಗನ್ ಇದನ್ನು ಒಪ್ಪಲಿಲ್ಲ. ಅಂಧತ್ವ ಎತ್ತರ, ಕುಳ್ಳತನಗಳ ಹಾಗೆ ಒಂದು ಲಕ್ಷಣ, ಪ್ರತಿ ಲಕ್ಷಣಕ್ಕೂ ಅದರದೇ ಅಡಚಣೆಗಳಿರುತ್ತವೆ, ಸರಿಯಾದ ತರಬೇತಿ ಮತ್ತು ಅವಕಾಶ ಸಿಕ್ಕರೆ ಅದು ಕಿರಿಕಿರಿಯ ಮಟ್ಟಕ್ಕೆ ಇಳಿಯುತ್ತದೆ ಎಂದರು. ತಮ್ಮ ಆಯೋಗಕ್ಕೆ ಸೇರಿದ ಕಣ್ಣುಳ್ಳ ನೌಕರರಿಗೂ ಕಣ್ಣಿಗೆ ಪಟ್ಟಿ ಕಟ್ಟಿ, ಕೈಗೆ ಕೋಲು ಕೊಟ್ಟು ಊರಿನ ಬೀದಿಗಳಲ್ಲಿ ನಡೆಸಿದರು. ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಕಾಟ್ 1969ರ ತಮ್ಮ ಪುಸ್ತಕದಲ್ಲಿ ಮೂರನೆಯ ಮಾತು ಸೇರಿಸಿದರು: ಅಂಧರು ಪರಾವಲಂಬಿಗಳಾಗುವುದು ಕಣ್ಣಿನಿಂದಲ್ಲ, ಅವರನ್ನು ನೋಡಿಕೊಳ್ಳುವ ಸಂಸ್ಥೆಗಳು ಅವರಿಂದ ಏನನ್ನು ನಿರೀಕ್ಷಿಸುತ್ತವೋ ಅದನ್ನೇ ಅವರು ಕಲಿಯುತ್ತಾರೆ.

ಕ್ಯಾರಲ್ ಅವರ ಮಾತಿನಲ್ಲೂ ಸತ್ಯವಿದೆ. ನಲವತ್ತೈದರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ರೈತನ ಮುಂದೆ ಕೂತವರಿಗೆ ಅವರ ದುಃಖವನ್ನು ‘ಲಕ್ಷಣ’ ಎಂದು ತಳ್ಳಿಹಾಕಲು ಬಾಯಿ ಬರುವುದಿಲ್ಲ. ಆದರೆ ಆ ರೈತನ ಎದುರು ಕೂತ ಕಾರ್ಯಕರ್ತೆಯೇ ಅಂಧೆಯಾಗಿದ್ದು, ಒಬ್ಬಳೇ ಬಸ್ಸು ಹತ್ತಿ ಬಂದಿದ್ದರೆ, ಜರ್ನಿಗನ್ ಹೇಳಿದ್ದನ್ನು ವಾದ ಮಾಡದೆಯೇ ಅವಳು ತೋರಿಸಿಕೊಟ್ಟಿರುತ್ತಾಳೆ.

ಭಾರತದಲ್ಲಿ

ದೇಶದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ಅವರಿಂದ ಆರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಹುಟ್ಟಿತು. ಇವು ಶಿಕ್ಷಣದ ಕಥೆಗಳು. ಪುನರ್ವಸತಿಯ ಕಥೆ ತಿರುಗುವುದು ಎರಡನೇ ಮಹಾಯುದ್ಧದ ಹೊತ್ತಿಗೆ. ಗಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಕ್ಲೂತಾ ಮೆಕೆಂಜಿ ಭಾರತಕ್ಕೆ ಬಂದು, ಯುದ್ಧದಲ್ಲಿ ಅಂಧರಾದ ಭಾರತೀಯ ಸೈನಿಕರಿಗೆ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಮಾದರಿಯ ತರಬೇತಿ ನಡೆಸಿದರು. 1944ರಲ್ಲಿ ದೇಶದ ಅಂಧತ್ವದ ಬಗ್ಗೆ ಹೊರಬಂದ ಸರ್ಕಾರಿ ವರದಿಯ ಹಿಂದೆ ಇದ್ದವರೂ ಅವರೇ. ಆ ನೆಲೆಯ ಮೇಲೆ 1950ರಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ ಆರಂಭವಾಗಿ, ಮುಂದೆ ಬೆಳೆದು ದೃಷ್ಟಿದೋಷವುಳ್ಳವರ ಇಂದಿನ ರಾಷ್ಟ್ರೀಯ ಸಂಸ್ಥೆಯಾಯಿತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಒಳಗಿನಿಂದ ಅಂಧರ ಕಲ್ಯಾಣದ ಕೆಲಸ ನಡೆಸಿದ ಲಾಲ್ ಅಡ್ವಾಣಿ ಸ್ವತಃ ದೃಷ್ಟಿದೋಷವುಳ್ಳವರು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಒಂದೇ ಚುಕ್ಕಿಲಿಪಿಯನ್ನು ಕೊಟ್ಟಿತು. ‘ಕ’ ಅಕ್ಷರಕ್ಕೆ ಕನ್ನಡದಲ್ಲೂ ಹಿಂದಿಯಲ್ಲೂ ತಮಿಳಿನಲ್ಲೂ ಅವೇ ಚುಕ್ಕಿಗಳು.

ಇತ್ತ ಸಮಾಜಕಾರ್ಯ ಶಿಕ್ಷಣ ಭಾರತದಲ್ಲಿ ಆರಂಭವಾದದ್ದು 1936ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಿಂದ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಶಿಕ್ಷಣ ಕೊಡುತ್ತಿದೆ. ನಂತರ ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ (ಎಂ.ಎಸ್.ಡಬ್ಲ್ಯೂ.) ವಿಭಾಗಗಳು ಬಂದವು. ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ದೇಶದ ಮುಖ್ಯ ಕೇಂದ್ರವಾಯಿತು. ಆದರೆ ಅಂಧರ ಸಂಸ್ಥೆಗಳೂ ಸಮಾಜಕಾರ್ಯದ ಶಾಲೆಗಳೂ ಬಹುಕಾಲ ಒಂದರ ಪಕ್ಕ ಒಂದು ಹರಿದವೇ ಹೊರತು ಬೆರೆಯಲಿಲ್ಲ. ಅಂಧ ವಿದ್ಯಾರ್ಥಿಗಳಿಗೆ ಸಂಗೀತ, ಬೆತ್ತದ ಕುರ್ಚಿ ಹೆಣಿಗೆ, ಟೆಲಿಫೋನ್ ಆಪರೇಟರ್ ಹುದ್ದೆ, ಹೆಚ್ಚೆಂದರೆ ಶಿಕ್ಷಕ ವೃತ್ತಿ ಎಂದು ಊರೇ ದಾರಿ ಗೊತ್ತುಮಾಡಿಟ್ಟಿತ್ತು.

ಕರ್ನಾಟಕದಲ್ಲಿ ಆ ದಾರಿ ಬಿಟ್ಟು ಹೊರಟವರಲ್ಲಿ ಇಬ್ಬರ ಕೆಲಸ ಎಲ್ಲರಿಗೂ ಗೊತ್ತಿರುವಂಥದು. ಹರಿಯಾಣದಿಂದ ಬೆಂಗಳೂರಿಗೆ ಬಂದ ಮಧು ಸಿಂಘಾಲ್, ಹುಟ್ಟಿನಿಂದಲೇ ಅಂಧರು, 1990ರಲ್ಲಿ ಮಿತ್ರ ಜ್ಯೋತಿ ಆರಂಭಿಸಿ ಧ್ವನಿ ಪುಸ್ತಕಗಳ ಗ್ರಂಥಾಲಯ, ಬ್ರೈಲ್ ಮುದ್ರಣ, ಅಂಧ ಹೆಣ್ಣುಮಕ್ಕಳ ಸ್ವಾವಲಂಬನೆಯ ತರಬೇತಿಗಳನ್ನು ಕಟ್ಟಿದರು. ಬೆಳಗಾವಿ ಜಿಲ್ಲೆಯ ಮಹಾಂತೇಶ ಕಿವಡಸಣ್ಣವರ ಮತ್ತು ಅವರ ಗೆಳೆಯ ಎಸ್.ಪಿ. ನಾಗೇಶ್ 1997ರಲ್ಲಿ ಸ್ಥಾಪಿಸಿದ ಸಮರ್ಥನಂ ಅಂಧರಿಗಷ್ಟೇ ನಿಲ್ಲಲಿಲ್ಲ. ಬೇರೆ ವಿಕಲಚೇತನರನ್ನೂ ಬಡ ಕುಟುಂಬದ ಮಕ್ಕಳನ್ನೂ ಒಳಗೊಂಡಿತು, ಶಾಲಾ ಮಕ್ಕಳಿಗೆ ಬಿಸಿಯೂಟ ಬಡಿಸುವವರೆಗೆ ಹಬ್ಬಿತು. ಅಂಧರು ಕಟ್ಟಿದ ಅಡುಗೆಮನೆಯಿಂದ ಕಣ್ಣುಳ್ಳ ಮಕ್ಕಳ ತಟ್ಟೆಗೆ ಊಟ ಹೋಗುತ್ತಿರುವುದನ್ನು ಕಂಡ ಮೇಲೂ ‘ಇವರಿಗೆ ಸಹಾಯ ಮಾಡೋದು ಬಿಟ್ಟು ಇವರಿಂದ ಏನಾದೀತು’ ಎನ್ನುವವರಿದ್ದಾರೆ.

ಇನ್ನು ಹಳ್ಳಿಯ ಮಟ್ಟಕ್ಕೆ ಬಂದರೆ, ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಗ್ರಾಮೀಣ ಪುನರ್ವಸತಿ ಯೋಜನೆಯನ್ನು ಹೆಸರಿಸಲೇಬೇಕು. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಜನರ ಬಾಯಲ್ಲಿ ಇವರು ವಿ.ಆರ್.ಡಬ್ಲ್ಯೂ. ಮತ್ತು ಎಂ.ಆರ್.ಡಬ್ಲ್ಯೂ. ವಿಕಲಚೇತನರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುವುದು ಯೋಜನೆಯ ಜೀವಾಳ. ಮಾಸಾಶನದ ಅರ್ಜಿ, ವಿಕಲಚೇತನರ ಗುರುತಿನ ಯು.ಡಿ.ಐ.ಡಿ. ಕಾರ್ಡು, ಬಸ್ ಪಾಸು, ಸಾಧನ ಸಲಕರಣೆ, ವೈದ್ಯಕೀಯ ಮಂಡಳಿಯ ಮುಂದಿನ ಹಾಜರಾತಿ ಇವೆಲ್ಲ ಅವರ ಕೈಯಿಂದಲೇ ನಡೆಯುತ್ತವೆ. ಪದವಿಯ ಲೆಕ್ಕದಲ್ಲಿ ಇವರು ವೃತ್ತಿಪರ ಸಮಾಜ ಕಾರ್ಯಕರ್ತರಲ್ಲ. ಸಿಗುವುದು ಸಂಬಳವಲ್ಲ, ಗೌರವಧನ. ಆದರೆ ಮಾಡುತ್ತಿರುವುದು ಮನೆಭೇಟಿ, ಸಮುದಾಯ ಸಂಘಟನೆ, ಇಲಾಖೆಯೊಡನೆ ವಕಾಲತ್ತು. ಪಠ್ಯಪುಸ್ತಕ ಇದನ್ನೇ ಸಮಾಜಕಾರ್ಯ ಎನ್ನುತ್ತದೆ. ಇವರಲ್ಲಿ ದೃಷ್ಟಿದೋಷವುಳ್ಳವರಿಗೆ ಮುಂದೆ ಓದಿ ಪದವಿ ಪಡೆಯುವ ಏಣಿಯೊಂದನ್ನು ಹಾಕಿಕೊಟ್ಟರೆ, ಕರ್ನಾಟಕದಷ್ಟು ಅನುಭವಿ ಅಂಧ ಕಾರ್ಯಕರ್ತರ ಪಡೆ ಬೇರೆಡೆ ಸಿಗಲಿಕ್ಕಿಲ್ಲ.

ಕಾಣದೆ ನಡೆಸುವ ಕೆಲಸ

ವೃತ್ತಿಗೆ ಸೇರಬಯಸುವ ಅಂಧರಿಗೆ ಎದುರಾಗುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಮಗುವಿನ ಮೈಮೇಲಿನ ಬಾಸುಂಡೆ ನಿಮಗೆ ಹೇಗೆ ಗೊತ್ತಾಗುತ್ತೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನೇರ ಉತ್ತರ ಕೊಡಬೇಕು. ಬಾಸುಂಡೆ ಕಾಣುವುದಿಲ್ಲ. ಅದನ್ನು ನೋಡಲು ಇನ್ನೊಬ್ಬರು ಬೇಕು. ಆದರೆ ಮಗುವಿಗೆ ಹಿಂಸೆಯಾಗಿದೆಯೇ ಎಂಬುದನ್ನು ಕಣ್ಣುಳ್ಳ ಕಾರ್ಯಕರ್ತರೂ ಒಬ್ಬರೇ ತೀರ್ಮಾನಿಸುವುದಿಲ್ಲ. ವೈದ್ಯರ ತಪಾಸಣೆ, ಅಂಗನವಾಡಿ ಕಾರ್ಯಕರ್ತೆಯ ಮಾತು, ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆ ಎಲ್ಲ ಸೇರಿ ಅದು ನಿರ್ಧಾರವಾಗುತ್ತದೆ. ಅಂಗಿಯ ಕೆಳಗಿನ ಗಾಯ ಯಾರಿಗೂ ಕಾಣುವಂಥದ್ದಲ್ಲ. ಮಗು ನಂಬಿ ಹೇಳಿದಾಗಲೇ ಅದು ಹೊರಬರುವುದು.

ಅಂಧರಿಗೆ ಆರನೆಯ ಇಂದ್ರಿಯವಿದೆ, ಕಿವಿ ಅದ್ಭುತವಾಗಿ ಕೇಳುತ್ತದೆ ಎಂಬ ಹೊಗಳಿಕೆಯನ್ನು ನಂಬಬಾರದು. ಇರುವುದು ಅಭ್ಯಾಸ. ಮನೆಯೊಳಗೆ ಕಾಲಿಟ್ಟಾಗ ಗೋಡೆಯ ತೇವದ ವಾಸನೆ, ಒಲೆಯ ಬಿಸಿ ಇದೆಯೋ ಇಲ್ಲವೋ, ಸಾರಾಯಿಯ ಘಾಟು, ಮಾತ್ರೆಯ ಚೀಟಿ ಸರಬರ ಎನ್ನುವುದು, ಗಂಡ ಬಾಗಿಲಿಗೆ ಬಂದಾಗ ಹೆಂಡತಿಯ ಮಾತು ಅರ್ಧಕ್ಕೆ ನಿಲ್ಲುವುದು, ಹೇಳುವಾಗ ಗಂಟಲು ಒಣಗುವುದು ಇವನ್ನೆಲ್ಲ ಗಮನಿಸುವುದನ್ನು ಕಲಿಯಬಹುದು. ತಲೆಯಾಡಿಸಿ ಉತ್ತರಿಸುವವರಿಗೆ ‘ನಂಗೆ ಕಾಣಲ್ಲಮ್ಮ, ಬಾಯಲ್ಲಿ ಹೇಳಿ’ ಎಂದು ಮೊದಲೇ ತಿಳಿಸಿದರೆ, ತಲೆಯಾಡಿಕೆಯ ಹಿಂದೆ ಅಡಗಿದ್ದ ಮಾತು ಹೊರಗೆ ಬರುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವವರಿಲ್ಲ ಎಂಬ ಕಾರಣಕ್ಕೇ ನಾಚಿಕೆಯ ಸಂಗತಿಗಳನ್ನು ಸಲೀಸಾಗಿ ಹೇಳಿಕೊಳ್ಳುವವರೂ ಇದ್ದಾರೆ. ‘ಪಾಪ, ನಿಮಗೇ ಕಣ್ಣಿಲ್ಲ, ನಮಗೇನು ಮಾಡ್ತೀರವ್ವ’ ಎಂದು ಮರುಕಪಡುವವರೂ ಇದ್ದಾರೆ. ಆ ಮರುಕ ಮೊದಲ ಭೇಟಿಯ ಅಡ್ಡಿ. ಮಾಸಾಶನ ಮಂಜೂರಾದ ದಿನ ಅದು ತಾನಾಗಿ ಹೋಗುತ್ತದೆ.

ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ವಿವರಿಸಿದ ವ್ಯಕ್ತಿಗತ ಸಮಾಜಕಾರ್ಯದ ಏಳು ತತ್ವಗಳನ್ನು ಇಂದಿಗೂ ಎಲ್ಲ ವಿಭಾಗಗಳಲ್ಲೂ ಕಲಿಸುತ್ತಾರೆ. ಪ್ರತಿಯೊಬ್ಬರನ್ನೂ ಪ್ರತ್ಯೇಕ ವ್ಯಕ್ತಿಯಾಗಿ ಕಾಣುವುದು, ಭಾವನೆ ಹೊರಹಾಕಲು ಬಿಡುವುದು, ತಾನು ಹಿಡಿತ ತಪ್ಪದಿರುವುದು, ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಅವರ ನಿರ್ಧಾರ ಅವರಿಗೇ ಬಿಡುವುದು, ಗೋಪ್ಯತೆ. ಇವುಗಳಲ್ಲಿ ಒಂದಕ್ಕೂ ಕಣ್ಣು ಬೇಕಿಲ್ಲ. ಕೊನೆಯದಾದ ಗೋಪ್ಯತೆ ಮಾತ್ರ ಅಂಧ ಕಾರ್ಯಕರ್ತರಿಗೆ ಕಠಿಣ ಪರೀಕ್ಷೆ. ಎಚ್.ಐ.ವಿ. ಇರುವವರ ಕಡತವನ್ನು ಓದಿಹೇಳಲು ಇನ್ನೊಬ್ಬರ ಬಾಯಿ ಬೇಕೆಂದರೆ ಗುಟ್ಟು ಮೂರನೆಯವರಿಗೆ ತಲುಪಿತೆಂದೇ ಅರ್ಥ. ಹಿಂದೆ ಇದಕ್ಕೆ ಉಪಾಯವಿರಲಿಲ್ಲ. ನಂಬಿಕಸ್ಥ ಓದುಗರನ್ನು ಇಟ್ಟುಕೊಂಡು, ಅವರಿಂದಲೂ ಗೋಪ್ಯತೆಯ ಮಾತು ಪಡೆಯಬೇಕಿತ್ತು. ಗಣಕದ ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಂದು ಈ ವೃತ್ತಿಗೆ ಮಾಡಿದ ದೊಡ್ಡ ಉಪಕಾರ ವೇಗವಲ್ಲ, ಗೋಪ್ಯತೆ. ಜಾಸ್ ಎಂಬ ಸ್ಕ್ರೀನ್ ರೀಡರ್ ದುಬಾರಿಯಾಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಡಲು ತೊಡಗಿದ ಮೇಲೆ ಹಳ್ಳಿಯ ಕಾಲೇಜಿನ ವಿದ್ಯಾರ್ಥಿಗೂ ಅದು ಸಿಕ್ಕಿತು. ಅದು ಕನ್ನಡವನ್ನೂ ಓದುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಕಡತ ಕಾರ್ಯಕರ್ತರ ಮತ್ತು ಅವರ ಬಳಿ ಬಂದವರ ನಡುವೆಯೇ ಉಳಿಯುತ್ತದೆ.

ಆದರೆ ಕನ್ನಡದ ಕಡತಗಳ ಸ್ಥಿತಿ ಬೇರೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಾದ ದಾಖಲೆ ಕಣ್ಣಿಗೆ ಮಾತ್ರ ಕನ್ನಡ. ಗಣಕದ ಹೊಟ್ಟೆಯೊಳಗೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪೌಂಡ್ ಗುರುತು ಇವುಗಳ ಸರಮಾಲೆಯಾಗಿ ಕೂತಿರುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ನಿಷ್ಠೆಯಿಂದ ಓದಿ ಹೇಳುತ್ತದೆ, ಕೇಳುವವರಿಗೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಯೂನಿಕೋಡ್‌ನಲ್ಲಿ ಬೆರಳಚ್ಚಾದರೆ ಈ ತೊಡಕಿಲ್ಲ. ಇನ್ನೊಂದು ಅನಿಷ್ಟ, ಆದೇಶಗಳನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಹಾಕುವುದು. ಅದು ಚಿತ್ರ, ಬರಹವಲ್ಲ. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಓರೆಯಾಗಿ ತೆಗೆದ ಫೋಟೊ, ಕೈಬರಹದ ಷರಾ ಅವುಗಳಿಗೆ ದಕ್ಕುವುದಿಲ್ಲ. ಅಂಧ ನೌಕರರು ದಕ್ಷರಲ್ಲ ಎಂದು ದೂರುವ ಕಚೇರಿಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಅಲ್ಲಿನ ಸುತ್ತೋಲೆಗಳನ್ನು.

ಇನ್ನು ಓಡಾಟದ ವಿಚಾರ. ಉದ್ದ ಕೋಲನ್ನು ಅರ್ಧವೃತ್ತದಲ್ಲಿ ಬೀಸಿ ಮುಂದಿನ ಹೆಜ್ಜೆಯ ನೆಲವನ್ನು ತಡವಿಕೊಳ್ಳುವ ಕ್ರಮವನ್ನು ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ರಿಚರ್ಡ್ ಹೂವರ್ ರೂಪಿಸಿದರು. ಕರ್ನಾಟಕದಲ್ಲಿ ಅಂಧರಿಗೆ ಸಾರಿಗೆ ಬಸ್ಸಿನ ಉಚಿತ ಪಾಸ್ ಇದೆ. ಬಸ್ಸು ಊರಿನ ತನಕ ಬಿಡುತ್ತದೆ. ನಿಲ್ದಾಣದಿಂದ ಮನೆಯವರೆಗಿನ ಒಂದು ಕಿಲೋಮೀಟರ್, ತೆರೆದ ಚರಂಡಿ, ಕಟ್ಟಿಹಾಕದ ನಾಯಿ, ರಸ್ತೆಗೆ ಚಾಚಿದ ಎತ್ತಿನಗಾಡಿಯ ನೊಗ ಇವು ಯಾವ ಪಾಸಿಗೂ ಬಗ್ಗುವುದಿಲ್ಲ. ಅಂಧ ಮಹಿಳಾ ಕಾರ್ಯಕರ್ತೆಯರಿಗೆ ಇದರ ಮೇಲೆ ಸುರಕ್ಷತೆಯ ಆತಂಕವೂ ಸೇರುತ್ತದೆ. ಸಂಜೆಯ ಮನೆಭೇಟಿಗೆ ಅವರ ಜೊತೆ ಒಬ್ಬರನ್ನು ಕಳುಹಿಸುವುದು ಉಪಕಾರವಲ್ಲ. ಕಾನೂನು ಅದಕ್ಕೆ ಹೆಸರು ಕೊಟ್ಟಿದೆ, ಸಮಂಜಸ ಹೊಂದಾಣಿಕೆ.

ತರಗತಿಯಲ್ಲಿ ಅಂಧ ವಿದ್ಯಾರ್ಥಿಗೆ ಈಗ ಅಷ್ಟು ಕಷ್ಟವಿಲ್ಲ. ಪರೀಕ್ಷೆಗೆ ಬರೆದುಕೊಡುವ ಸಹಾಯಕರು ಸಿಗುತ್ತಾರೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಇದೆ. ಮುದ್ರಿತ ಪುಸ್ತಕಗಳನ್ನು ಅಂಧರು ಓದಬಲ್ಲ ರೂಪಕ್ಕೆ ತರಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅನುಮತಿ ನೀಡಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ತೊಡಕು ಇರುವುದು ಕ್ಷೇತ್ರಕಾರ್ಯದಲ್ಲಿ. ವಿದ್ಯಾರ್ಥಿಯನ್ನು ಎಲ್ಲಿಗೆ ಕಳುಹಿಸಬೇಕೆಂದು ವಿಭಾಗ ಯೋಚಿಸುವಾಗ ಮೊದಲು ಹೊಳೆಯುವ ಹೆಸರು ಊರಿನ ಅಂಧರ ಶಾಲೆ. ಎರಡು ವರ್ಷ ಅಲ್ಲೇ ಕಳೆದರೆ ಆಸ್ಪತ್ರೆ, ಕಾರ್ಖಾನೆ, ಕೊಳೆಗೇರಿ, ಕೌಟುಂಬಿಕ ನ್ಯಾಯಾಲಯ ಯಾವುದರ ಅನುಭವವೂ ಆಗುವುದಿಲ್ಲ. ಉದ್ಯೋಗದ ಸಂದರ್ಶನದಲ್ಲಿ ‘ಬೇರೆ ಕಡೆ ಅನುಭವವಿಲ್ಲ’ ಎಂಬ ಕಾರಣಕ್ಕೆ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ್ದು ಮೊದಲ ಸೆಮಿಸ್ಟರಿನಲ್ಲೇ.

ಅಂಧರೇ ಅಂಧರಿಗೆ ಆಪ್ತಸಮಾಲೋಚನೆ ಮಾಡುವುದರಲ್ಲಿ ದೊಡ್ಡ ಬಲವಿದೆ, ಒಂದು ಅಪಾಯವೂ ಇದೆ. ದೆಹಲಿಯ ಸ್ಕೋರ್ ಪ್ರತಿಷ್ಠಾನದ ಐವೇ ಸಹಾಯವಾಣಿಯಲ್ಲಿ ಕರೆ ಎತ್ತುವ ಸಮಾಲೋಚಕರು ದೃಷ್ಟಿದೋಷವುಳ್ಳವರೇ. ‘ಬ್ಯಾಂಕಿನವರು ಚೆಕ್ ಪುಸ್ತಕ ಕೊಡಲ್ಲ ಅಂತಾರೆ’ ಎಂಬ ದೂರು ಬಂದಾಗ, ಅಂಧರಿಗೆ ಚೆಕ್, ಎ.ಟಿ.ಎಂ., ಲಾಕರ್ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೊರಡಿಸಿದ ಸುತ್ತೋಲೆಯನ್ನು ಹುಡುಕಬೇಕಿಲ್ಲ. ಅದೇ ಕೌಂಟರಿನ ಮುಂದೆ ವಾದಿಸಿ ಬಂದವರಿಗೆ ಅದು ಬಾಯಿಪಾಠ. ಅಪಾಯವೆಂದರೆ, ‘ನಾನು ಮಾಡಿದೆ, ನಿನಗೇನು ಕಷ್ಟ’ ಎಂಬ ಮಾತು ನಾಲಿಗೆಯ ತುದಿಗೆ ಬರುವುದು. ಓದಿದ ತಂದೆತಾಯಿ, ಒಳ್ಳೆಯ ಶಾಲೆ, ನಗರದ ಅನುಕೂಲ ತನಗೆ ಸಿಕ್ಕಿದ್ದವು, ಎದುರಿಗಿರುವವರಿಗೆ ಸಿಕ್ಕಿಲ್ಲ ಎಂಬುದನ್ನು ಮರೆತ ಕ್ಷಣ ಸಮಾಲೋಚನೆ ಉಪದೇಶವಾಗುತ್ತದೆ. ಅನುಭವ ತರಬೇತಿಯ ಬದಲಿಯಲ್ಲ. ಅಂಧರಾಗಿರುವುದೇ ಅರ್ಹತೆ ಎಂದುಕೊಳ್ಳುವುದೂ ಅಂಧತ್ವವೇ ಅನರ್ಹತೆ ಎಂದುಕೊಳ್ಳುವಷ್ಟೇ ತಪ್ಪು.

ಕಾನೂನು ಮತ್ತು ಹುದ್ದೆ

ವಿಕಲಚೇತನರಿಗೆ ಸಂಬಂಧಿಸಿದ 1995ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಅಂಧರಿಗೂ ಅಲ್ಪದೃಷ್ಟಿಯವರಿಗೂ ಶೇ. 1 ಮೀಸಲಾತಿ ಕೊಟ್ಟಿತು. ಅದನ್ನು ಹೇಗೆ ಲೆಕ್ಕ ಹಾಕಬೇಕೆಂಬ ವ್ಯಾಜ್ಯ ಎಳೆಯುತ್ತ ಹೋಗಿ, ಭಾರತದ ಅಂಧರ ರಾಷ್ಟ್ರೀಯ ಒಕ್ಕೂಟದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 8ರಂದು ತೀರ್ಪು ಕೊಟ್ಟಿತು. ವಿಕಲಚೇತನರಿಗೆಂದು ಗುರುತಿಸಿದ ಹುದ್ದೆಗಳ ಮೇಲಷ್ಟೇ ಅಲ್ಲ, ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಮೀಸಲಾತಿ ಎಣಿಸಬೇಕೆಂದಿತು. ಆ ಪ್ರಕರಣವನ್ನು ನಡೆಸಿದ ಎಸ್.ಕೆ. ರುಂಗ್ಟಾ ಅಂಧ ವಕೀಲರು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಧಿನಿಯಮ ಒಟ್ಟು ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿತು, ದೃಷ್ಟಿದೋಷದ ಪಾಲು ಶೇ. 1 ಆಗಿಯೇ ಉಳಿಯಿತು. ಅದರ ಪ್ರಕಾರ ಸರ್ಕಾರಿ ಸೇವೆಯಲ್ಲಿರುವಾಗ ಅಂಧರಾದವರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಸಕ್ಕರೆ ಕಾಯಿಲೆ, ಗ್ಲಾಕೋಮಾಗಳಿಂದ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಳ್ಳುವ ಕಾರ್ಯಕರ್ತರಿಗೆ ಈ ಒಂದು ಕಲಮು ಬದುಕುಳಿಸುವಂಥದು. ಅದು ಇರುವುದೇ ತಿಳಿಯದೆ ಸ್ವಯಂನಿವೃತ್ತಿ ಬರೆದುಕೊಟ್ಟವರ ಕಥೆಗಳು ಪ್ರತಿ ಜಿಲ್ಲೆಯಲ್ಲೂ ಕೇಳಸಿಗುತ್ತವೆ.

2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ಅಂಧರೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ದೂರ ಇಡುವಂತಿಲ್ಲ ಎಂದು ಹೇಳಿತು. ಸಾಕ್ಷಿಯ ಮುಖ ನೋಡದೆ ನ್ಯಾಯ ಹೇಳುವುದು ಹೇಗೆ ಎಂಬ ವಾದ ಅಲ್ಲಿಗೆ ಮುಗಿಯಿತು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ನಡುವಿನ ಕುರ್ಚಿಗೆ ಅಂಧರು ಅರ್ಹರಾದ ಮೇಲೆ ಪಕ್ಕದ ಕುರ್ಚಿಗಳಿಗೆ ಅಲ್ಲವೆನ್ನಲು ಕಾರಣ ಉಳಿಯುವುದಿಲ್ಲ.

ಸೌಲಭ್ಯಗಳನ್ನು ಅಂಧರಿಗೆ ಎಟುಕುವಂತೆ ಮಾಡುವುದು ಸರ್ಕಾರದ ಇಚ್ಛೆಗೆ ಬಿಟ್ಟದ್ದಲ್ಲ, ಕಡ್ಡಾಯ ಎಂದು ರಾಜೀವ್ ರತೂರಿ ಎಂಬ ಅಂಧ ಹೋರಾಟಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಅವರು ಅರ್ಜಿ ಹಾಕಿದ್ದು 2005ರಲ್ಲಿ. ಅದೇ ಕಡ್ಡಾಯ ತಾಲ್ಲೂಕು ಕಚೇರಿಯ ಗಣಕಯಂತ್ರಕ್ಕೂ ಬರಬೇಕು. ಈ ಲೇಖನವನ್ನು ಓದುತ್ತಿರುವವರು ಇಲಾಖೆಯೊಂದರಲ್ಲಿ, ಸಂಸ್ಥೆಯೊಂದರಲ್ಲಿ ಕನ್ನಡದಲ್ಲಿ ಬೆರಳಚ್ಚು ಮಾಡುವವರಾಗಿದ್ದರೆ ಒಂದು ಕೋರಿಕೆ: ಮುಂದಿನ ಸುತ್ತೋಲೆಯನ್ನು ಯೂನಿಕೋಡ್‌ನಲ್ಲಿ ಸಿದ್ಧಮಾಡಿ, ಸ್ಕ್ಯಾನ್ ಮಾಡಿದ ಪ್ರತಿಯ ಜೊತೆಗೆ ಮೂಲ ಕಡತವನ್ನೂ ಕಳುಹಿಸಿ.